ಶನಿವಾರದ ಅಮೆರಿಕ



ಈ ಸಂಚಿಕೆಗೆ ನನ್ನಿಂದ ಏನಾದರೂ ಬರೆಸಬೇಕೆಂದು ನಮ್ಮ ಸಂಘದ ಯುವ ವಿಭಾಗದವರು ಪಟ್ಟು ಹಿಡಿದಾಗ, "ಅಡುಗೆಯ ವಿಷಯ ಮಾತ್ರ ಬೇಡ ಆಂಟಿ, ಅದು ಪ್ರತಿ ಸಲವೂ ಇರುತ್ತದೆ" ಎಂದು ಮೊದಲೇ ಎಚ್ಚರಿಸಿದರು. ಆಗಲಿ, ಅಡುಗೆ ಬೇಡ. ನಿಮಗೆ ಬಹಳ ಪ್ರಿಯವಾದ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಅಮೆರಿಕ!

ನಿಮ್ಮಲ್ಲಿ ಎಷ್ಟು ಮಂದಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಬರೆಯುತ್ತಿದ್ದೀರಿ ಎಂದು ನನಗೆ ಗೊತ್ತು. ನಿಮ್ಮ ಅಣ್ಣನೋ ಚಿಕ್ಕಪ್ಪನ ಮಗಳೋ ಈಗಾಗಲೇ ಅಲ್ಲಿದ್ದಾರೆ. ಅಲ್ಲಿಯ ಷೂ, ಅಲ್ಲಿಯ ಸಿನಿಮಾ, ಅಲ್ಲಿಯ ಆಟಗಾರರ ಹೆಸರು ಎಲ್ಲವೂ ನಿಮಗೆ ಬಾಯಿಪಾಠ. ಆದರೆ ಆ ದೇಶದಲ್ಲಿ ಯಾರು ಯಾರನ್ನು ಹೊರಗಿಟ್ಟರು, ಮುಚ್ಚಿದ ಬಾಗಿಲನ್ನು ಯಾರು ತೆರೆಸಿದರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಶಾಲೆಯ ಪುಸ್ತಕದಲ್ಲಿ ಬಾಸ್ಟನ್ನಿನ ಚಹಾ ಕಡಲಿಗೆ ಬಿತ್ತು, ವಾಷಿಂಗ್ಟನ್ ಅಧ್ಯಕ್ಷನಾದ, ಲಿಂಕನ್ ಗುಲಾಮರನ್ನು ಬಿಡಿಸಿದ. ಅಲ್ಲಿಗೆ ಅಧ್ಯಾಯ ಮುಗಿಯಿತು.

ನನ್ನ ಕಾಲದಲ್ಲೂ ಅಷ್ಟೇ ಇತ್ತು. ಉಡುಪಿಯಲ್ಲಿ ಇಂಗ್ಲಿಷ್ ಬಿ.ಎ. ಓದುತ್ತಿದ್ದಾಗ ಲಿಂಕನ್ನನ ಗೆಟಿಸ್‌ಬರ್ಗ್ ಭಾಷಣ ನಮಗೆ ಪಾಠವಾಗಿತ್ತು. 1863ರ ನವೆಂಬರ್ 19ರಂದು ಮಾಡಿದ, ಸುಮಾರು 270 ಶಬ್ದಗಳ ಭಾಷಣ. ಅವನಿಗಿಂತ ಮೊದಲು ಎಡ್ವರ್ಡ್ ಎವರೆಟ್ ಎಂಬ ಪ್ರಸಿದ್ಧ ವಾಗ್ಮಿ ಎರಡು ಗಂಟೆ ಮಾತನಾಡಿದ್ದ. ಅವನ ಒಂದು ವಾಕ್ಯವೂ ಇಂದು ಯಾರಿಗೂ ನೆನಪಿಲ್ಲ ಎಂದು ಮೇಷ್ಟ್ರು ನಗಿಸಿದ್ದರು. ನಾವು ಆ ಭಾಷಣದ ಅಲಂಕಾರಗಳನ್ನು ಪಟ್ಟಿ ಮಾಡಿ ಹತ್ತು ಅಂಕ ಗಳಿಸಿದೆವು. ಆ ಮೈದಾನದಲ್ಲಿ ಮಣ್ಣಾದವರು ಯಾರು, ಏಕೆ ಕಾದಾಡಿದರು ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆಯಾಗಿರಲಿಲ್ಲ.

ಇನ್ನು ಟೀವಿಯ ಇತಿಹಾಸವೆಂದರೆ ನಮ್ಮ ಪೀಳಿಗೆಗೆ ದೂರದರ್ಶನದ ಭಾನುವಾರ. 1988ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಭಾರತ್ ಏಕ್ ಖೋಜ್' ಆರಂಭವಾದಾಗ ನಾನು ಕಾಲೇಜು ಹುಡುಗಿ. ಅದು 53 ಕಂತುಗಳ ಧಾರಾವಾಹಿ. ರೋಶನ್ ಸೇಠ್ ನೆಹರೂ ಆಗಿ ಬಂದು ಕಥೆ ಹೇಳುತ್ತಿದ್ದರು, ಓಂ ಪುರಿ ಒಮ್ಮೆ ರಾಜನಾಗಿ, ಇನ್ನೊಮ್ಮೆ ಬೇರೊಬ್ಬನಾಗಿ ಕಾಣಿಸಿಕೊಳ್ಳುತ್ತಿದ್ದರು. ಬಹಳ ಚೆಂದದ ಕೆಲಸ ಅದು, ಈಗಲೂ ಸಿಗುತ್ತದೆ, ನೋಡಿ. ಅಂತೂ ಇತಿಹಾಸವೆಂದರೆ ವೇಷ, ಸಂಗೀತ, ನಟನೆ ಎಂಬ ಭಾವನೆ ನನ್ನ ಮನಸ್ಸಿನಲ್ಲಿ ಬೇರೂರಿತ್ತು.

2016ರ ಜನವರಿಯಲ್ಲಿ ನಾನು ಮೇರಿಲ್ಯಾಂಡಿನಲ್ಲಿರುವ ಅಕ್ಕನ ಮನೆಯಲ್ಲಿದ್ದೆ. ಅವಳ ಮಂಡಿಯ ಶಸ್ತ್ರಚಿಕಿತ್ಸೆಗೆ ಒತ್ತಾಸೆಯಾಗಿ ಹೋದದ್ದು. ಆ ತಿಂಗಳ 22ರ ಶುಕ್ರವಾರ ಸುರಿಯಲು ಹಿಡಿದ ಹಿಮ ಶನಿವಾರವಿಡೀ ಬಿಡಲಿಲ್ಲ. ವಾಷಿಂಗ್ಟನ್ ಸುತ್ತಮುತ್ತ ಎಲ್ಲ ಸ್ತಬ್ಧ. ಬಾಗಿಲು ತೆರೆದರೆ ಮೊಣಕಾಲಿನವರೆಗೆ ಬಿಳಿ ಗೋಡೆ. ಭಾವ ಮಾತ್ರ ಏನೂ ಆಗಿಲ್ಲವೆಂಬಂತೆ ಕಂಬಳಿ ಹೊದ್ದು ಟೀವಿಯ ಮುಂದೆ ಕೂತಿದ್ದರು. ಪರದೆಯ ಮೇಲೆ ಒಂದು ಕಾಲೇಜಿನ ತರಗತಿ. ಒಬ್ಬ ಪ್ರಾಧ್ಯಾಪಕಿ ಪಾಠ ಮಾಡುತ್ತಿದ್ದಾರೆ, ಹುಡುಗರು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾರೆ, ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸುತ್ತಿದ್ದಾನೆ. ಹಿನ್ನೆಲೆ ಸಂಗೀತವಿಲ್ಲ, ಜಾಹೀರಾತಿಲ್ಲ.

"ಎಂತ ಭಾವ ಇದು? ಹಾಡೂ ಇಲ್ಲ, ಬಣ್ಣವೂ ಇಲ್ಲ" ಎಂದೆ.

"ಕೂತ್ಕೊ ಮಾರಾಯ್ತಿ. ಹೊರಗೆ ಹೋಗ್ಲಿಕ್ಕಂತೂ ಇಲ್ಲ. ಹತ್ತು ನಿಮಿಷ ನೋಡು, ಬೇಡ ಅಂತ ಕಂಡ್ರೆ ನಿನ್ನ ಧಾರಾವಾಹಿ ಹಾಕುವ" ಎಂದರು.

ಆ ಹತ್ತು ನಿಮಿಷ ಭಾನುವಾರ ರಾತ್ರಿಯವರೆಗೆ ಎಳೆಯಿತು.

ಆ ಚಾನೆಲ್ಲಿನ ಹೆಸರು ಸಿ-ಸ್ಪ್ಯಾನ್. ಬ್ರಯಾನ್ ಲ್ಯಾಂಬ್ ಎಂಬವರ ಯೋಜನೆಯಂತೆ 1979ರ ಮಾರ್ಚಿನಲ್ಲಿ ಅಮೆರಿಕದ ಕೆಳಮನೆಯ ಕಲಾಪವನ್ನು ಇದ್ದದ್ದು ಇದ್ದಂತೆ ತೋರಿಸುವುದಕ್ಕಾಗಿ ಹುಟ್ಟಿದ್ದು. ಸರ್ಕಾರದ ಹಣವಿಲ್ಲ, ಕೇಬಲ್ ಕಂಪನಿಗಳು ಪ್ರತಿ ಮನೆಯ ಲೆಕ್ಕದಲ್ಲಿ ಕೊಡುವ ಕೆಲವು ಸೆಂಟುಗಳಲ್ಲಿ ಅದರ ಸಂಸಾರ ಸಾಗಿತು. 1986ರಲ್ಲಿ ಮೇಲ್ಮನೆಗಾಗಿ ಎರಡನೆಯದು, 2001ರಲ್ಲಿ ಮೂರನೆಯದು ಸೇರಿಕೊಂಡವು. ವಾರಾಂತ್ಯದಲ್ಲಿ ಶಾಸಕರು ಮನೆಗೆ ಹೋಗುತ್ತಾರೆ, ಸಭೆ ಖಾಲಿ. ಆ ಖಾಲಿ ಹೊತ್ತಿನಲ್ಲಿ ಏನು ತೋರಿಸುವುದು? 2011ರ ಜನವರಿಯಿಂದ ಮೂರನೇ ಚಾನೆಲ್ ವಾರಾಂತ್ಯದ 48 ಗಂಟೆಗಳನ್ನೂ ಇತಿಹಾಸಕ್ಕೇ ಬಿಟ್ಟುಕೊಟ್ಟಿತು. 'ಅಮೆರಿಕನ್ ಹಿಸ್ಟರಿ ಟೀವಿ' ಎಂದು ಅದಕ್ಕೆ ಹೆಸರು. ಈಗ ಅದು ಎರಡನೇ ಚಾನೆಲ್ಲಿನಲ್ಲಿ ಶನಿವಾರಕ್ಕೆ ಸರಿದಿದೆ. ಆದರೆ ಹಳೆಯದೆಲ್ಲ ಅಂತರ್ಜಾಲದಲ್ಲಿದೆ. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ನೆರೆಯಲ್ಲಿ 1987ರಿಂದಲೇ ಕೂಡಿಡುತ್ತ ಬಂದ ಭಂಡಾರ. ನಾನು ಮುಂಬಯಿಗೆ ಮರಳಿದ ಮೇಲೂ, ಶನಿವಾರ ಮಧ್ಯಾಹ್ನ ಮನೆಯವರು ಮಲಗಿದ ಹೊತ್ತಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ನೋಡುತ್ತೇನೆ.

ಅದರಲ್ಲಿ ಹಲವು ಭಾಗಗಳಿವೆ. ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಅಂತರ್ಯುದ್ಧದ ಕಾಳಗಗಳ ಬಗ್ಗೆ ಬೆಳ್ಳಿಗೂದಲ ಗಂಡಸರು ಗಂಟೆಗಟ್ಟಲೆ ಮಾತನಾಡುತ್ತಾರೆ. ಯಾವ ಸೇನಾಪತಿ ಯಾವ ಗುಡ್ಡದ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಬೇಕಿತ್ತೇ ಎಂಬ ಚರ್ಚೆ ನನಗೆ ನಿದ್ದೆ ತರಿಸುತ್ತದೆ. ಆ ಸೈನಿಕರಿಗೆ ಅನ್ನ ಬೇಯಿಸಿ ಹಾಕಿದವರು ಯಾರು ಎಂದು ಯಾರೂ ಕೇಳುವುದಿಲ್ಲ ನೋಡಿ! ಆದರೆ ಮೂರು ಭಾಗಗಳನ್ನು ನೀವು ಬಿಡಬಾರದು. ಒಂದು ಕಾಲೇಜು ತರಗತಿಗಳ ಪಾಠ. ಎರಡನೆಯದು 'ರೀಲ್ ಅಮೆರಿಕ', ಅಂದರೆ ಸರ್ಕಾರವೂ ಸಂಸ್ಥೆಗಳೂ ಹಿಂದೆ ಮಾಡಿಸಿದ ಹಳೆಯ ಚಿತ್ರಗಳು. ಮೂರನೆಯದು ಬಾಯಿಮಾತಿನ ಇತಿಹಾಸ. ಕಂಡುಂಡ ಒಬ್ಬ ಮುದುಕ ಅಥವಾ ಮುದುಕಿ ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ಕ್ಯಾಮೆರಾ ಅಲುಗಾಡದೆ ಕೇಳುತ್ತದೆ.

ಎರಡನೆಯದನ್ನೂ ಮೂರನೆಯದನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವುದನ್ನು ನನಗೆ ಕಲಿಸಿದವರು ಭಾವ. "ಚಿತ್ರ ಒಂದೇ ನೋಡಿದ್ರೆ ಸರ್ಕಾರ ಹೇಳಿದ್ದು ಸರಿ ಅಂತ ಕಾಣ್ತದೆ. ಮತ್ತೆ ಅದರೊಳಗೆ ಇದ್ದವರ ಮಾತು ಕೇಳು" ಎನ್ನುತ್ತಿದ್ದರು. ಒಂದು ಉದಾಹರಣೆ ಹೇಳುತ್ತೇನೆ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಮರುವರ್ಷ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಆದೇಶಕ್ಕೆ ಸಹಿ ಮಾಡಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ 1,20,000ದಷ್ಟು ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ, ಮರುಭೂಮಿಯಲ್ಲೂ ಜೌಗು ನೆಲದಲ್ಲೂ ಕಟ್ಟಿದ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಕೈಯಲ್ಲಿ ಹಿಡಿಯಲಾಗುವಷ್ಟು ಸಾಮಾನು ಮಾತ್ರ. ಕುಟುಂಬಕ್ಕೊಂದು ಸಂಖ್ಯೆ, ಆ ಸಂಖ್ಯೆಯ ಚೀಟಿ ಅಂಗಿಗೆ. ಸುತ್ತ ಮುಳ್ಳುತಂತಿ, ಕಾವಲು ಗೋಪುರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು.

ಯುದ್ಧದ ಆ ದಿನಗಳಲ್ಲೇ ಸರ್ಕಾರ 'ಜಪಾನೀಸ್ ರೀಲೊಕೇಶನ್' ಎಂಬ ಸಣ್ಣ ಚಿತ್ರ ಮಾಡಿಸಿತು. ಶಿಬಿರಗಳ ಇಲಾಖೆಯ ಮೊದಲ ಮುಖ್ಯಸ್ಥ ಮಿಲ್ಟನ್ ಐಸೆನ್‌ಹೋವರ್, ಅಂದರೆ ಮುಂದೆ ಅಧ್ಯಕ್ಷರಾದ ಐಸೆನ್‌ಹೋವರರ ತಮ್ಮ, ಅದರಲ್ಲಿ ವಿವರಣೆ ಕೊಡುತ್ತಾರೆ. ದನಿ ಎಷ್ಟು ಸೌಮ್ಯ! ಇದು ಯುದ್ಧಕಾಲದ ಅನಿವಾರ್ಯ, ಜನ ಸಂತೋಷದಿಂದ ಸಹಕರಿಸಿದರು ಎಂಬ ಧಾಟಿ. ಬಸ್ಸು ಹತ್ತುವ ಹೆಂಗಸರು ಕ್ಯಾಮೆರಾ ಕಂಡು ನಗುತ್ತಾರೆ. ನೋಡುತ್ತಿದ್ದಂತೆ ನಮಗೂ 'ಪಾಪ, ಸರ್ಕಾರ ಮತ್ತೇನು ಮಾಡೀತು' ಎನಿಸಿಬಿಡುತ್ತದೆ. ಇಂಥ ಚಿತ್ರದ ಶಕ್ತಿಯೇ ಅದು.

ಅನಂತರ ನಾರ್ಮನ್ ಮಿನೆಟಾ ಅವರ ಮಾತು ಕೇಳಬೇಕು. ಅವರು ಹಲವು ಸಂದರ್ಶನಗಳಲ್ಲಿ ಹೇಳಿರುವ ನೆನಪು ಇದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೈಲು ಹತ್ತುವಾಗ ಅವರಿಗೆ ಹತ್ತು ವರ್ಷ. ಸ್ಕೌಟು ಸಮವಸ್ತ್ರ ತೊಟ್ಟಿದ್ದರು. ಕೈಯಲ್ಲಿ ಬೇಸ್‌ಬಾಲ್ ಚೆಂಡು, ಗ್ಲವ್ಸು, ಬ್ಯಾಟು. ಬ್ಯಾಟಿನಿಂದ ಯಾರನ್ನಾದರೂ ಹೊಡೆದಾನೆಂದು ಕಾವಲು ಸೈನಿಕ ಅದನ್ನು ಕಿತ್ತುಕೊಂಡ. ಹತ್ತು ವರ್ಷದ ಸ್ಕೌಟು ಹುಡುಗನ ಕೈಯಿಂದ! ಅವರನ್ನು ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರಕ್ಕೆ ಕಳಿಸಿದರು. ಅಲ್ಲಿ ಸ್ಕೌಟುಗಳ ಒಂದು ಮೇಳಕ್ಕೆ ಪಕ್ಕದ ಊರಿನ ಬಿಳಿಯ ಹುಡುಗರು ತಂತಿಬೇಲಿಯ ಒಳಗೆ ಬಂದರು. ಮಿನೆಟಾಗೆ ಜೋಡಿಯಾಗಿ ಸಿಕ್ಕಿದವನು ಅಲನ್ ಸಿಂಪ್ಸನ್ ಎಂಬ ಹುಡುಗ. ಇಬ್ಬರೂ ಒಂದೇ ಗುಡಾರ ಹಾಕಿದರು, ಸ್ನೇಹಿತರಾದರು. ದಶಕಗಳ ನಂತರ ಒಬ್ಬ ಡೆಮಾಕ್ರಟ್ ಆಗಿ ಕೆಳಮನೆಯಲ್ಲಿ, ಇನ್ನೊಬ್ಬ ರಿಪಬ್ಲಿಕನ್ ಆಗಿ ಮೇಲ್ಮನೆಯಲ್ಲಿ ಕೂತರು. ಪಕ್ಷ ಬೇರೆಯಾದರೂ ಗೆಳೆತನ ಕೆಡಲಿಲ್ಲ. ಮಿನೆಟಾ 2022ರಲ್ಲಿ, ಸಿಂಪ್ಸನ್ 2025ರಲ್ಲಿ ತೀರಿಕೊಂಡರು.

ಬ್ಯಾಟಿನ ಕಥೆಗೆ ಇನ್ನೊಂದು ಬಾಲವಿದೆ. ಅದನ್ನು ಕೇಳಿ ಮರುಗಿದ ಯಾರೋ ಒಬ್ಬರು ಮಿನೆಟಾ ಶಾಸಕರಾಗಿದ್ದಾಗ ಹ್ಯಾಂಕ್ ಆರನ್ ಎಂಬ ಮಹಾ ಆಟಗಾರನ ಬ್ಯಾಟೊಂದನ್ನು ಉಡುಗೊರೆಯಾಗಿ ಕಳಿಸಿದರು. ಅದರ ಬೆಲೆ ಶಾಸಕರು ತೆಗೆದುಕೊಳ್ಳಬಹುದಾದ ಮಿತಿಯನ್ನು ಮೀರಿತ್ತು. ಹಿಂತಿರುಗಿಸಬೇಕಾಯಿತು. ಸರ್ಕಾರ ಎರಡನೇ ಸಲ ನನ್ನ ಬ್ಯಾಟು ಕಸಿದುಕೊಂಡಿತು ಎಂದು ಅವರು ತಮಾಷೆ ಮಾಡಿದ್ದರು. ಎಂಥ ನಗು ಅದು ಎಂದು ನಾನು ಬಹಳ ಹೊತ್ತು ಯೋಚಿಸಿದ್ದೇನೆ.

ಈಗ ನಿಮಗೊಂದು ಜಪಾನಿ ಪದ ಹೇಳಿಕೊಡುತ್ತೇನೆ. 'ನಿಸೆ'. ಎರಡನೆಯ ಪೀಳಿಗೆ ಎಂದರ್ಥ. ವಲಸೆ ಬಂದ ತಂದೆತಾಯಿಯರು 'ಇಸ್ಸೆ', ಅಲ್ಲೇ ಹುಟ್ಟಿದ ಮಕ್ಕಳು 'ನಿಸೆ', ಮೊಮ್ಮಕ್ಕಳು 'ಸನ್ಸೆ'. ಹೀಗೆ ಪೀಳಿಗೆಯನ್ನು ಎಣಿಸಿ ಹೆಸರಿಟ್ಟುಕೊಂಡ ಜನ ಅವರು. ನೀವು ಈ ಊರಿನ ನಿಸೆಗಳಲ್ಲವೇ? ಮನೆಯೊಳಗೆ ಕನ್ನಡವೋ ತುಳುವೋ, ಮೆಟ್ಟಿಲಿಳಿದರೆ ಮರಾಠಿ, ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. 'ನಿನ್ನ ಊರು ಯಾವುದು' ಎಂದು ಯಾರಾದರೂ ಕೇಳಿದರೆ ಅರೆಗಳಿಗೆ ತಡವರಿಸುತ್ತೀರಿ. ನಮ್ಮನ್ನು ಯಾರೂ ಶಿಬಿರಕ್ಕೆ ಹಾಕಿಲ್ಲ, ಆ ದುಃಖವನ್ನು ನಮ್ಮದಕ್ಕೆ ಹೋಲಿಸುವುದು ಅನ್ಯಾಯ. ಆದರೂ ಆ ತಡವರಿಕೆಯನ್ನು ಅವರು ಬಲ್ಲವರು.

ಶಿಬಿರದಿಂದ ಹೊರಬಂದ ನಿಸೆಗಳು ಏನು ಮಾಡಿದರು ಗೊತ್ತೇ? ಬಾಯಿ ಮುಚ್ಚಿಕೊಂಡರು. ಹೊಸದಾಗಿ ಸಂಸಾರ ಕಟ್ಟಿದರು, ಮಕ್ಕಳನ್ನು ಓದಿಸಿದರು, ಶಿಬಿರದ ಸುದ್ದಿ ಎತ್ತಲಿಲ್ಲ. 'ಶಿಕಟ ಗ ನೈ' ಎಂಬ ಅವರ ಮಾತಿಗೆ 'ಏನೂ ಮಾಡುವಂತಿಲ್ಲ' ಎಂದು ಅರ್ಥ. ಸಾವಿರಾರು ಮನೆಗಳಲ್ಲಿ ಆ ಒಂದು ಮಾತಿನ ಹಿಂದೆ ಮೂರು ನಾಲ್ಕು ವರ್ಷಗಳ ಬದುಕು ಅಡಗಿ ಕೂತಿತು. ಅದನ್ನು ಕೆದಕಿದವರಲ್ಲಿ ಮೊಮ್ಮಕ್ಕಳು ಮುಂದಿದ್ದರು. ಶಾಲೆಯ ಪುಸ್ತಕದಲ್ಲಿ ಒಂದು ಸಾಲು ಓದಿಯೋ, ಹಳೆಯ ಪೆಟ್ಟಿಗೆಯಲ್ಲಿ ಒಂದು ಚೀಟಿ ಕಂಡೋ ಕೇಳತೊಡಗಿದರು. ನಿಸೆ ಶಾಸಕರು ಒತ್ತಾಯಿಸಿದರು. 1980ರಲ್ಲಿ ಒಂದು ಆಯೋಗ ನೇಮಕವಾಯಿತು. 1981ರಲ್ಲಿ ಅದು ಊರೂರಿನಲ್ಲಿ ಕೂತು 750ಕ್ಕೂ ಹೆಚ್ಚು ಜನರ ಹೇಳಿಕೆ ಕೇಳಿತು. ನಾಲ್ಕು ದಶಕ ಮಾತಾಡದವರು ಮೈಕಿನ ಮುಂದೆ ಅತ್ತರು. ಸೈನಿಕ ಅಗತ್ಯವೇನೂ ಇರಲಿಲ್ಲ, ಜನಾಂಗದ್ವೇಷ, ಯುದ್ಧದ ಉನ್ಮಾದ, ನಾಯಕರ ದೌರ್ಬಲ್ಯ ಇವೇ ಕಾರಣ ಎಂದು ಆಯೋಗ ಬರೆಯಿತು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಕ್ಷಮಾಪಣೆಯ ಕಾಯಿದೆಗೆ ಸಹಿ ಹಾಕಿದರು. ಬದುಕುಳಿದಿದ್ದ ಪ್ರತಿಯೊಬ್ಬರಿಗೆ 20,000 ಡಾಲರ್. ಒಟ್ಟು 82,000ಕ್ಕೂ ಹೆಚ್ಚು ಮಂದಿಗೆ ಅದು ಸಂದಿತು. ಕೆಳಮನೆಯಲ್ಲಿ ಅದಕ್ಕಾಗಿ ದುಡಿದವರಲ್ಲಿ ಮಿನೆಟಾ ಇದ್ದರು, ಮೇಲ್ಮನೆಯಲ್ಲಿ ಬೆಂಬಲಿಸಿದವರಲ್ಲಿ ಅದೇ ಸಿಂಪ್ಸನ್!

ಹಣ ದೊಡ್ಡದಲ್ಲ ಬಿಡಿ; ಹೋದ ಹೊಲ, ಹೋದ ಅಂಗಡಿಯ ಲೆಕ್ಕಕ್ಕೆ ಅದು ಯಾವ ಮೂಲೆಗೆ? ಕೇಳಿದ್ದರಿಂದ ಬಾಯಿ ತೆರೆಯಿತು, ಬಾಯಿ ತೆರೆದದ್ದರಿಂದ ಕಾಗದದ ಮೇಲೆ ಬಂತು, ಕಾಗದದ ಮೇಲೆ ಬಂದದ್ದರಿಂದ ಸರ್ಕಾರ ಉತ್ತರ ಕೊಡಬೇಕಾಯಿತು. ಆ ಸೌಮ್ಯ ದನಿಯ ಚಿತ್ರ ಈಗಲೂ ಇದೆ, ಯಾರೂ ಸುಟ್ಟಿಲ್ಲ. ಅದರ ಪಕ್ಕದಲ್ಲಿ ಈ ಮಾತುಗಳೂ ಇವೆ.

ಇದನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ನನ್ನ ಮಗಳಿಗೆ ಹೇಳಿದೆ. ಅವಳಿಗಾಗ ಇಪ್ಪತ್ತೊಂದು. ಕೇಳಿಸಿಕೊಂಡವಳು ಕೈ ತೊಳೆದು ನೇರ ಅಜ್ಜನ ಕೋಣೆಗೆ ಹೋಗಿ, ಮೊಬೈಲನ್ನು ಅವರ ದಿಂಬಿನ ಮೇಲಿಟ್ಟು, "ಅಜ್ಜ, ನೀವು ಹೋಟೆಲಿನಲ್ಲಿದ್ದಾಗ ಎಂದಾದರೂ ಹೆದರಿದ್ದುಂಟಾ?" ಎಂದು ಕೇಳಿದಳು. ಎಂಥ ಪ್ರಶ್ನೆ! ನಾನಾಗಿದ್ದರೆ 'ಯಾವ ಇಸವಿಯಲ್ಲಿ ಬಂದಿರಿ' ಎಂದು ಶುರು ಮಾಡುತ್ತಿದ್ದೆ.

ಮಾವನವರು ಹನ್ನೆರಡನೇ ವಯಸ್ಸಿಗೆ ಊರುಬಿಟ್ಟು ಮುಂಬಯಿಗೆ ಬಂದವರು. ಹಗಲು ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿ, ಕೊನೆಗೆ ಗಲ್ಲೆಯ ಮೇಲೆ ಕೂತವರು. ಈ ಭಾಗ ನಮಗೆಲ್ಲ ಗೊತ್ತಿತ್ತು. ಮದುವೆ ಮುಂಜಿಗಳಲ್ಲಿ ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಗೊತ್ತಿಲ್ಲದ್ದು ಬೇರೆ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ಮೇಲೆ ಸಿಟ್ಟು ಹೊತ್ತಿಕೊಂಡ ದಿನಗಳಲ್ಲಿ, ಒಂದು ಸಂಜೆ ಅವರ ಹೋಟೆಲಿಗೆ ಕಲ್ಲು ಬಿತ್ತು. ಹೆಸರಿನ ಹಲಗೆ ಒಡೆಯಿತು. ಧಣಿಗಳು ಶಟರು ಎಳೆದರು. ಭಟ್ಟರು, ಮಾಣಿಗಳು, ಇವರು, ಒಟ್ಟು ಹನ್ನೊಂದು ಜನ, ದೀಪವಾರಿಸಿ ಅಡುಗೆಮನೆಯ ನೆಲದಲ್ಲಿ ರಾತ್ರಿಯಿಡೀ ಕೂತರು. ಅದರಲ್ಲೊಬ್ಬ ಮಾಣಿಗೆ ಹದಿಮೂರು ವರ್ಷ. ಅವನ ಅಳು ಹೊರಗೆ ಕೇಳಬಾರದೆಂದು ಭಟ್ಟರು ಅವನ ಬಾಯಿಗೆ ಪಂಚೆ ಒತ್ತಿ ಹಿಡಿದಿದ್ದರಂತೆ. ಬೆಳಿಗ್ಗೆ ಆರಕ್ಕೆ ಯಾರೋ ಶಟರು ಬಡಿದರು. ಎಲ್ಲರ ಎದೆ ಧಸಕ್ಕೆಂದಿತು. ನೋಡಿದರೆ ಎದುರಿನ ಚಾಳಿನ ದರ್ಜಿ, ದಿನಾ ಬರುವ ಮರಾಠಿ ಗಿರಾಕಿ. ಒಂದು ಚಹಾ ಕೊಡಿ ಎಂದ. ಕುಡಿದು ಹೋಗಲಿಲ್ಲ. ಬೇರೆ ಗಿರಾಕಿಗಳು ಬರುವವರೆಗೆ ಬಾಗಿಲಲ್ಲೇ ನಿಂತಿದ್ದ.

ಇದನ್ನು ಅವರು ತಮ್ಮ ಹೆಂಡತಿಗೆ ಹೇಳಿರಲಿಲ್ಲ, ಮಗನಿಗೆ, ಅಂದರೆ ನನ್ನ ಯಜಮಾನರಿಗೂ ಹೇಳಿರಲಿಲ್ಲ. ಏಕೆ ಹೇಳಲಿಲ್ಲ ಎಂದು ಮಗಳು ಕೇಳಿದ್ದಕ್ಕೆ, "ಹೇಳಿ ಎಂತ ಮಾಡುದು ಮಗಾ? ಇಲ್ಲೇ ಬಾಳಬೇಕಿತ್ತಲ್ಲ" ಎಂದರು. ಆ ಜಪಾನಿ ಮಾತಿನ ಕನ್ನಡ ರೂಪ ನಮ್ಮದೇ ಮನೆಯ ಮಂಚದ ಮೇಲಿತ್ತು. ಮಾವನವರು ಈಗಿಲ್ಲ. ಆ ಮಾತು 42 ನಿಮಿಷ ಇದೆ. ನಡುವೆ ಎರಡು ಸಲ ಕುಕ್ಕರ್ ಕೂಗುತ್ತದೆ, ಅದು ನನ್ನದು.

ಮತ್ತೆ ಆ ಶನಿವಾರಗಳಿಗೆ ಬರುತ್ತೇನೆ. 'ರೀಲ್ ಅಮೆರಿಕ'ದಂಥ ಹಳೆಯ ಚಿತ್ರಗಳಲ್ಲಿ ನಮಗೆ ನೇರ ಸಂಬಂಧಪಟ್ಟ ಒಂದು ಬಗೆಯೂ ಇದೆ. ನಿಮ್ಮ ಅಜ್ಜಂದಿರ ಕಾಲದಲ್ಲಿ ಅಮೆರಿಕದ ವಾರ್ತಾ ಇಲಾಖೆಯ ಗಾಡಿಗಳು ಹಳ್ಳಿ ಪೇಟೆಗಳಿಗೆ ಬಂದು ಶಾಲೆಯ ಮೈದಾನದಲ್ಲಿ ಬಿಳಿ ಪರದೆ ಕಟ್ಟಿ ಚಿತ್ರ ತೋರಿಸುತ್ತಿದ್ದವು. ಭಾವ ಹುಡುಗನಾಗಿದ್ದಾಗ ಊರಲ್ಲಿ ಹಾಗೆ ನೋಡಿದವರು. ಅದೇ ಇಲಾಖೆಯ 'ಸ್ಪ್ಯಾನ್' ಎಂಬ ನುಣುಪು ಕಾಗದದ ಪತ್ರಿಕೆಯೂ ಮನೆಗೆ ಬರುತ್ತಿತ್ತು. ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಲು ಬಹಳ ಪ್ರಶಸ್ತ! ಈ ಚಿತ್ರಗಳೆಲ್ಲ ಹೊರದೇಶದವರಿಗಾಗಿ, ಎಂದರೆ ನಮಗಾಗಿ ಮಾಡಿದವು. 1948ರ ಸ್ಮಿತ್-ಮುಂಟ್ ಕಾಯಿದೆಯ ಕಾರಣ ಅವು ಅಮೆರಿಕದವರಿಗೇ ತೆರೆದಿರಲಿಲ್ಲ. ತನ್ನ ಪ್ರಜೆಗಳ ಮೇಲೆಯೇ ಸರ್ಕಾರ ಪ್ರಚಾರದ ಮಂಕುಬೂದಿ ಎರಚಬಾರದು ಎಂಬುದು ಅದರ ಹಿಂದಿನ ವಿಚಾರ. ನನಗೆ ಅದು ಒಳ್ಳೆಯ ವಿಚಾರವೆಂದೇ ತೋರುತ್ತದೆ, ನಮ್ಮ ಮೇಲೆ ಎರಚಬಹುದಿತ್ತೇ ಎಂಬ ಪ್ರಶ್ನೆ ಬೇರೆ. 1990ರಲ್ಲಿ ಬಂದ ತಿದ್ದುಪಡಿಯ ನಂತರವಷ್ಟೇ, 12 ವರ್ಷ ಹಳೆಯದಾದ ಚಿತ್ರಗಳು ಅಲ್ಲಿನವರಿಗೆ ದೊರೆಯತೊಡಗಿದವು.

ಅವುಗಳಲ್ಲಿ ಜೇಮ್ಸ್ ಬ್ಲೂ ನಿರ್ದೇಶಿಸಿದ 'ದ ಮಾರ್ಚ್' ಒಂದು. 1963ರ ಆಗಸ್ಟ್ 28ರಂದು ಸುಮಾರು ಎರಡೂವರೆ ಲಕ್ಷ ಜನ, ಬಹುಪಾಲು ಕಪ್ಪು ಜನ, ಹಕ್ಕು ಮತ್ತು ಉದ್ಯೋಗ ಕೇಳುತ್ತ ವಾಷಿಂಗ್ಟನ್ನಿನಲ್ಲಿ ನಡೆದ ಜಾಥಾದ ಚಿತ್ರ. ಮಾರ್ಟಿನ್ ಲೂಥರ್ ಕಿಂಗರ ಪ್ರಸಿದ್ಧ ಭಾಷಣ ಅಂದಿನದೇ. ಅವರು 1959ರಲ್ಲಿ ಭಾರತಕ್ಕೆ ಬಂದು ಗಾಂಧಿಯವರ ನೆಲ ನೋಡಿ ಹೋದವರೆಂಬುದು ನಿಮಗೆ ಗೊತ್ತಿರಬಹುದು. ತಮ್ಮ ಮನೆಯ ಕೊಳೆಯನ್ನು ಜಗತ್ತಿಗೆ ತೋರಿಸುವುದೇ ಎಂದು ಅಲ್ಲಿನ ಕೆಲವು ಶಾಸಕರು ಈ ಚಿತ್ರಕ್ಕೆ ಸಿಟ್ಟಾದರು. ಕೊನೆಗೆ ಇಲಾಖೆಯ ಆಗಿನ ಮುಖ್ಯಸ್ಥ, ಸ್ವತಃ ಕಪ್ಪುಜನಾಂಗದವರಾದ ಕಾರ್ಲ್ ರೋವನ್, ಮೊದಲಿಗೆ ನಾಲ್ಕು ಮಾತು ಸೇರಿಸಿ ಅದನ್ನು ಹೊರದೇಶಗಳಿಗೆ ಕಳಿಸಿದರು.

ಅಡುಗೆ ಬೇಡ ಎಂದಿದ್ದಿರಿ. ಕ್ಷಮಿಸಿ, ಇದೊಂದನ್ನು ಹೇಳದೆ ಬಿಡಲಾರೆ. ಈ ಚಿತ್ರದಲ್ಲಿ ಭಾಷಣಕ್ಕಿಂತ ಬಹಳ ಮೊದಲು, ಹಿಂದಿನ ರಾತ್ರಿಯ ಸಿದ್ಧತೆ ಬರುತ್ತದೆ. ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಸ್ವಯಂಸೇವಕರು ಸಾಲಾಗಿ ನಿಂತು ಬ್ರೆಡ್ಡಿನ ನಡುವೆ ಚೀಸು ಇಟ್ಟು ಪೊಟ್ಟಣ ಕಟ್ಟುತ್ತಾರೆ. ಒಟ್ಟು 80,000 ಪೊಟ್ಟಣ! ಆಗಸ್ಟಿನ ಸೆಕೆಯಲ್ಲಿ ಕೆಡದೆ ಉಳಿಯಬೇಕಲ್ಲ, ಅದಕ್ಕೇ ಚೀಸು. ಊರಿನ ರಥೋತ್ಸವದ ಹಿಂದಿನ ರಾತ್ರಿ ತರಕಾರಿ ಹೆಚ್ಚಿದ ಕೈಗಳಿಗೆ ಆ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ. ಸೇನಾಪತಿಗಳ ಕಥೆಯಲ್ಲಿ ನಾನು ಹುಡುಕುತ್ತಿದ್ದವರು ಇಲ್ಲಿ ಸಿಕ್ಕಿದರು.

ಆ ಜಾಥಾಕ್ಕೂ ನಿಮ್ಮ ಅರ್ಜಿಗೂ ಸಂಬಂಧವಿದೆ. ಹಿಮದ ಆ ಶನಿವಾರ ನಾನು ನೋಡಿದ ಪಾಠ ಅದರ ಬಗ್ಗೆಯೇ ಇತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ದುಡಿದವರು, ಪೌರತ್ವ ಕೇಳಿದಾಗ ನೀವು 'ಬಿಳಿಯ'ರಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 1924ರ ಕಾಯಿದೆ ಏಷ್ಯಾದವರಿಗೆ ಬಾಗಿಲನ್ನೇ ಹಾಕಿತು. 1946ರಲ್ಲಿ ಭಾರತಕ್ಕೆ ವರ್ಷಕ್ಕೆ 100 ಜನರ ಪಾಲು ಸಿಕ್ಕಿತು. ಹೌದು, ಬರೇ ನೂರು! ಕಪ್ಪು ಜನರ ಹೋರಾಟದ ಫಲವಾಗಿ 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂದವು. ಮನುಷ್ಯನನ್ನು ಹುಟ್ಟಿನಿಂದ ಅಳೆಯಬಾರದು ಎಂದು ಒಳಗೆ ಒಪ್ಪಿದ ಮೇಲೆ ಬಾಗಿಲಲ್ಲಿ ಹಾಗೆ ಅಳೆಯುವುದು ಹೇಗೆ? 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯ ದೇವತೆಯ ವಿಗ್ರಹದ ಬುಡದಲ್ಲಿ ಕೂತು ಹೊಸ ವಲಸೆ ಕಾಯಿದೆಗೆ ಸಹಿ ಮಾಡಿದರು. ನಮ್ಮ ಭಾವ ಹೋದದ್ದು, ನಿಮ್ಮ ಚಿಕ್ಕಪ್ಪ ಹೋದದ್ದು ಅದೇ ಬಾಗಿಲಿನಿಂದ.

ಪಾಠ ಮುಗಿದಾಗ ಭಾವ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾನು ಇಲ್ಲಿ ಬಂದದ್ದು ನನ್ನ ಮಾರ್ಕಿನ ಬಲದಲ್ಲಿ ಅಂತ ಹತ್ತು ವರ್ಷ ತಿಳ್ಕೊಂಡಿದ್ದೆ" ಎಂದು ಹೇಳಿ ಹಿಮ ತೋಡಲು ಸಲಿಕೆ ಹುಡುಕತೊಡಗಿದರು. ಅಲ್ಲಿನ ಕೆಲವು ನಮ್ಮವರು ಇಂದಿಗೂ ಹಾಗೆಯೇ ತಿಳಿದಿದ್ದಾರೆ, ಕಪ್ಪು ಜನರ ಬಗ್ಗೆ ಹಗುರಾಗಿ ಮಾತಾಡುತ್ತಾರೆ. ನನ್ನ ಕಿವಿಯಾರೆ ಕೇಳಿದ್ದೇನೆ, ಮನಸ್ಸಿಗೆ ಕಸಿವಿಸಿಯಾಗಿದೆ.

ಇನ್ನು ಕೆಲಸದ ಮಾತು. 'ದ ಮಾರ್ಚ್' 33 ನಿಮಿಷದ ಚಿತ್ರ. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದವರು ಅದನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಬರುವ ತಿಂಗಳ ಎರಡನೇ ಶನಿವಾರ ಸಂಜೆ ಐದಕ್ಕೆ, ಸಂಘದ ವಾಚನಾಲಯದ ಕೋಣೆಯಲ್ಲಿ ಅದನ್ನು ಹಾಕುವುದೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಮೊದಲು 'ಜಪಾನೀಸ್ ರೀಲೊಕೇಶನ್', ಅದರ ಬೆನ್ನಿಗೆ ಶಿಬಿರದಲ್ಲಿದ್ದ ಒಬ್ಬರ ಮಾತು, ಆಮೇಲೆ ಇದು. ಅಜ್ಜ ಅಜ್ಜಿ ಇರುವವರು ಅವರನ್ನೂ ಕರೆತನ್ನಿ, ಲಿಫ್ಟು ಸರಿಯಾಗಿದೆ. ಮೊಬೈಲಿಗೆ ಚಾರ್ಜು ಹಾಕಿಕೊಂಡು ಬನ್ನಿ. ಅವಲಕ್ಕಿ, ಚಹಾ ನನ್ನದು.